ಕರೆಂಟಿಲ್ಲದ ಕ್ಯಾಬಿನ್ನಿಗೆ ಟಾಯ್ಲೆಟ್: ನನ್ನ ಅನುಭವ

ನಮ್ಮ ಕ್ಯಾಬಿನ್ನಿಗೆ ಕರೆಂಟೂ ಇಲ್ಲ, ನಲ್ಲಿಯೂ ಇಲ್ಲ. ಚಾವಣಿಯಿಂದ ಇಳಿದ ಮಳೆನೀರು 1000 ಲೀಟರಿನ ಟ್ಯಾಂಕಿನಲ್ಲಿ ನಿಲ್ಲುತ್ತದೆ, ಅಷ್ಟೇ. ಟಾಯ್ಲೆಟ್ ಯಾವುದು ಅಂತ ತೀರ್ಮಾನ ಮಾಡಿದ್ದು ಆ ಟ್ಯಾಂಕೇ. ಒಂದು ಫ್ಲಶ್‌ಗೆ 6 ಲೀಟರ್ ಹಿಡಿದರೂ, ಇಬ್ಬರು ದಿನಕ್ಕೆ ಐದೈದು ಸಲ ಹೋದರೆ 60 ಲೀಟರ್. ಹದಿನೇಳು ದಿನಕ್ಕೆ ಟ್ಯಾಂಕ್ ಬರಿದು, ಕುಡಿಯೋಕೆ ಒಂದು ಲೋಟವೂ ತೆಗೆಯದೆ! ಹಾಗಾಗಿ ಸೆಪ್ಟಿಕ್ ಟ್ಯಾಂಕಿನ ಮಾತು ಅಲ್ಲಿಗೇ ಮುಗಿಯಿತು.

ಗುಂಡಿ ತೋಡೋಣ ಅಂದರೆ ಎರಡಡಿಗೇ ಬಂಡೆ ಸಿಕ್ಕಿತು. ಬಂಡೆಯ ಬಿರುಕಿನಲ್ಲಿ ಇಳಿದ ಕೊಳಕು ಸೋಸಿಕೊಳ್ಳದೆ ನೇರ ನೀರಿನ ಸೆಲೆ ಸೇರಿಬಿಡುತ್ತದೆ. ನಮ್ಮ ಕೆಳಗೆ ಒಂದು ಒರತೆ ಇದೆ, ಆ ಪಾಪ ನನಗೆ ಬೇಡ. ಸುಟ್ಟು ಬೂದಿ ಮಾಡುವ ವಿದ್ಯುತ್ ಟಾಯ್ಲೆಟ್ಟಿಗೆ ನಮ್ಮ ಸಣ್ಣ ಸೋಲಾರ್ ಪ್ಯಾನೆಲ್ ಸಾಲದು. ಉಳಿದದ್ದು ನೀರು ಬೇಡದ ಒಣ ಟಾಯ್ಲೆಟ್ ಒಂದೇ.

ಮೊದಲು ಒಂದು ಬಕೆಟ್, ಮೇಲೊಂದು ಸೀಟು, ಪಕ್ಕದಲ್ಲಿ ಮರದ ಪುಡಿ ಇಟ್ಟೆ. ಮೂರೇ ದಿನಕ್ಕೆ ಬಕೆಟ್ ಒದ್ದೆಯಾಗಿ ತುಂಬಿತು. ಮುಚ್ಚಳ ತೆಗೆದರೆ ಕಣ್ಣು ಉರಿಯುವ ವಾಸನೆ. ಅದು ಮಲದ ವಾಸನೆ ಅಂದುಕೊಂಡಿದ್ದೆ, ಆದರೆ ಜಾಸ್ತಿ ಕಾಟ ಮೂತ್ರದ್ದು. ಒಬ್ಬರಿಗೆ ದಿನಕ್ಕೆ ಒಂದು, ಒಂದೂವರೆ ಲೀಟರ್ ಮೂತ್ರ ಬರುತ್ತದೆ. ಅದು ಮಲದ ಜೊತೆ ಸೇರಿದರೆ ಬ್ಯಾಕ್ಟೀರಿಯಾ ಅದರಲ್ಲಿರುವ ಯೂರಿಯಾವನ್ನು ಅಮೋನಿಯಾ ಮಾಡುತ್ತದೆ. ಎರಡನ್ನೂ ಬೇರೆ ಮಾಡಿದರೆ ಅರ್ಧಕ್ಕಿಂತ ಹೆಚ್ಚು ತಾಪತ್ರಯ ಹೋಯಿತು.

ಸೀಟಿನ ಮುಂಭಾಗಕ್ಕೆ ಒಂದು ಬೋಗುಣಿ ಕೂರಿಸಿದೆ. ಮೂತ್ರ ಅಲ್ಲಿಂದ ಪೈಪಿನಲ್ಲಿ ಕ್ಯಾನಿಗೆ, ಮಲ ಹಿಂದಿನ ಬಕೆಟ್ಟಿಗೆ. ಗಂಡಸರೂ ಕೂತೇ ಹೋಗಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ತೊಳೆಯುವ ನೀರೂ ಬಕೆಟ್ಟಿಗೆ ಬೀಳಬಾರದು. ಅದಕ್ಕೆ ಪಕ್ಕದಲ್ಲೇ ಬೇರೆ ಜಾಗ ಮಾಡಿ, ಆ ನೀರನ್ನು ಒರತೆಯಿಂದ ದೂರ, ಮಣ್ಣು ದಪ್ಪ ಇರುವ ಕಡೆ ಇಂಗಿಸಿದೆ. ಹೋದ ಮೇಲೆ ಎರಡು ಹಿಡಿ ಮರದ ಪುಡಿ. ಅದೇ ಬಕೆಟ್ ಈಗ ಹತ್ತು ದಿನ ಬರುತ್ತದೆ. ಬೂದಿಯೂ ಚೆನ್ನಾಗಿ ಒಣಗಿಸುತ್ತದೆ, ಆದರೆ ಬೂದಿ ಜಾಸ್ತಿಯಾದರೆ ಗೊಬ್ಬರ ಕೊಳೆಯುವುದು ನಿಧಾನ. ನಾನು ಮರದ ಪುಡಿಯನ್ನೇ ಹಿಡಿದುಕೊಂಡೆ.

ಪೈಪಿನಲ್ಲಿ ಮಾತ್ರ ಎಡವಿದೆ. ಅರ್ಧ ಇಂಚಿನದು, ಎರಡು ಬೆಂಡ್ ಬೇರೆ. ನಾಲ್ಕು ತಿಂಗಳಿಗೆ ಕಟ್ಟಿಕೊಂಡಿತು. ಕತ್ತರಿಸಿ ನೋಡಿದರೆ ಒಳಗೆಲ್ಲ ಸುಣ್ಣದಂಥ ಬಿಳಿ ಪದರ, ನಡುವೆ ಒಂದು ಪೆನ್ಸಿಲ್ಲೂ ತೂರುವಂತಿರಲಿಲ್ಲ. ಮೂತ್ರದ ಲವಣಗಳು ಹೀಗೇ ಗಟ್ಟಿಯಾಗುತ್ತವೆ. ಈಗ ಒಂದೂಕಾಲು ಇಂಚಿನ ಪೈಪ್, ಬೆಂಡೇ ಇಲ್ಲ, ಒಳ್ಳೆ ಇಳಿಜಾರು. ವಾರಕ್ಕೊಮ್ಮೆ ಸ್ವಲ್ಪ ವಿನೆಗರ್ ಸುರಿಯುತ್ತೇನೆ. ಗಾಳಿಗೆ 4 ಇಂಚಿನ ಕೊಳವೆ ಚಾವಣಿಗಿಂತ ಮೇಲೆ ಹೋಗಿದೆ, ತುದಿಗೆ ನೊಣ ನುಸುಳದ ಜಾಲರಿ.

ಬಕೆಟ್ ಸುರಿಯಲು ಮಳೆ ತಾಗದ ಮೂರು ಮರದ ಪೆಟ್ಟಿಗೆ ಮಾಡಿದೆ. ಒಂದೊಂದು ಒಂದು ವರ್ಷಕ್ಕೆ ತುಂಬುತ್ತದೆ. ಮೂರನೆಯದು ತುಂಬುವ ಹೊತ್ತಿಗೆ ಮೊದಲನೆಯದು ಎರಡು ವರ್ಷ ಸುಮ್ನೆ ಕೂತಿರುತ್ತದೆ. ಜಂತುಹುಳುವಿನ ಮೊಟ್ಟೆ ಬಹಳ ಗಟ್ಟಿ ಜೀವ, ಬೇಗ ಸಾಯುವುದಿಲ್ಲ. ತಂಪು ಜಾಗಗಳಲ್ಲಿ ಒಂದೂವರೆಯಿಂದ ಎರಡು ವರ್ಷ ಇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಇದರಲ್ಲಿ ಅವಸರ ಮಾಡಬೇಡಿ, ದಯವಿಟ್ಟು. ಕ್ಯಾನಿನ ಮೂತ್ರಕ್ಕೆ ಹತ್ತು ಪಾಲು ನೀರು ಬೆರೆಸಿ ಮರಗಳ ಬುಡಕ್ಕೆ ಹಾಕುತ್ತೇವೆ.

ಮೊದಲ ಪೆಟ್ಟಿಗೆ ತೆರೆದ ದಿನ ಸನಿಕೆಯಲ್ಲಿ ಒಂದಿಷ್ಟು ಎತ್ತಿ ನೋಡಿದೆ. ಕಪ್ಪಗೆ, ಪುಡಿಪುಡಿ, ಅಲ್ಲೊಂದು ಇಲ್ಲೊಂದು ಕರಗದ ಮರದ ಚಕ್ಕೆ. ಮಳೆ ಬಿದ್ದ ಮಣ್ಣಿನದೇ ವಾಸನೆ. ತರಕಾರಿಗೆ ಹಾಕಲಿಲ್ಲ. ಹಣ್ಣಿನ ಗಿಡಗಳ ಬುಡಕ್ಕೆ ಹರಡಿ ಮೇಲೆ ತರಗೆಲೆ ಮುಚ್ಚಿದೆ. ಆಮೇಲೆ ಖಾಲಿ ಪೆಟ್ಟಿಗೆಯ ತಳಕ್ಕೂ ತರಗೆಲೆ ಹಾಸಿ, ಮುಚ್ಚಳದ ಮೇಲೆ ಅವತ್ತಿನ ತಾರೀಖು ಬರೆದೆ.