ಗೇರು ಗುಡ್ಡದಲ್ಲೇ ಅಡುಗೆಗೂ ಒಂದಿಷ್ಟು ಬೆಳೆಯಿರಿ

ಪುತ್ತೂರು ಕಡೆ ಗುಡ್ಡಕ್ಕೆ ಗೇರು ಹಾಕುವವರಿಗೆ ನಾನು ಮೊದಲು ಕೇಳುವುದು: ಫಸಲು ಬರುವವರೆಗೆ ಊಟಕ್ಕೇನು? ಕಸಿ ಗಿಡವಾದರೂ ಮೂರು-ನಾಲ್ಕು ವರ್ಷ ಕಾಯಲೇಬೇಕು, ಅಲ್ವಾ?

ಮಳೆ ಹಿಡಿದ ಮೇಲೆ, ಜೂನ್-ಜುಲೈನಲ್ಲಿ, ಭಾಸ್ಕರ ಅಥವಾ ಉಳ್ಳಾಲ-3 ತಳಿಯ ಕಸಿ ಗಿಡ ನೆಡಿ. ಸುಮಾರು 7.5 ಮೀಟರ್ ಅಂತರ ಬಿಡಿ. ಕಸಿಯ ಗಂಟು, ಅಂದರೆ ಕಸಿ ಕೂಡಿಸಿದ ಜಾಗ, ಮಣ್ಣಿನ ಮೇಲೇ ಇರಲಿ, ಸುತ್ತಿದ ಪ್ಲಾಸ್ಟಿಕ್ ಬಿಚ್ಚಿ. ಗಂಟಿನ ಕೆಳಗೆ ಬರುವ ಚಿಗುರನ್ನು ಚಿವುಟುತ್ತಲೇ ಇರಿ. ಬಿಟ್ಟರೆ ಅದೇ ಮರವಾಗುತ್ತದೆ, ಕಸಿಗೆ ಕೊಟ್ಟ ದುಡ್ಡು ಸುಮ್ನೆ ಹೋಗುತ್ತದೆ.

ಇನ್ನು ನಡುವಿನ ಜಾಗ. ಇಳಿಜಾರಿಗೆ ಅಡ್ಡವಾಗಿ ಸಾಲು ಮಾಡಿ ಅನಾನಸು ಹಾಕಿ, ಮಣ್ಣೂ ಕೊಚ್ಚಿಹೋಗುವುದಿಲ್ಲ. ಗೇರಿನ ಬುಡದಿಂದ ದೂರ ಸುವರ್ಣಗೆಡ್ಡೆ, ಮರಗೆಣಸು, ಅಲಸಂಡೆ. ನನಗೆ ಜಾಸ್ತಿ ನಂಬಿಕೆ ಸುವರ್ಣಗೆಡ್ಡೆಯ ಮೇಲೆ. ಕಿತ್ತು ಗಾಳಿಯಾಡುವಲ್ಲಿ ಇಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಮರಗೆಣಸಿಗೆ ಹಂದಿ ಬರುತ್ತದೆ, ಬೇಲಿ ಇಲ್ಲದಿದ್ದರೆ ಬೇಡ. ಮರಗಳ ನೆರಳು ಕೂಡಿಕೊಂಡ ಮೇಲೆ ಇವೆಲ್ಲ ಅಷ್ಟಾಗಿ ಬರುವುದಿಲ್ಲ.

ಗೇರುಹಣ್ಣು ತಾನಾಗಿ ಉದುರಿದ ಮೇಲೆ ಬೀಜ ಹೆಕ್ಕಿ, ಎರಡು-ಮೂರು ದಿನ ಬಿಸಿಲಿಗೆ ಒಣಗಿಸಿ. ಮಾರಿದ ಮೊದಲ ದುಡ್ಡಲ್ಲಿ ಜೋರು ಮಳೆಯ ಆಟಿ ತಿಂಗಳಿಗೆ (ಜುಲೈ-ಆಗಸ್ಟ್) ಬೇಕಾದ ಅಕ್ಕಿ ತಂದಿಡಿ. ಎಳೆ ಬೀಜ ಒಂದಿಷ್ಟು ಮನೆಗೂ ಇರಲಿ, ತೊಂಡೆಕಾಯಿ ಪಲ್ಯಕ್ಕೆ.