ಹೆಡ್ ಇಳಿಸುವ ಮೊದಲು: ಗ್ಯಾಸ್ಕೆಟ್ ಲೀಕ್ ಪತ್ತೆ ಮಾಡುವುದು ಹೇಗೆ?

ಕಳೆದ ಮಳೆಗಾಲದಲ್ಲಿ ಕಾಸರಗೋಡಿನ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವಾಗ ನಮ್ಮ ಹಳೇ ಕಾರಿನ ಬಾನೆಟ್ ಕಡೆಯಿಂದ ಎಣ್ಣೆ ಸುಟ್ಟ ವಾಸನೆ ಬಂತು. ಆಯಿಲ್ ಹಾಕುವ ಮುಚ್ಚಳ ತೆಗೆದರೆ ಒಳಗೆ ಬೆಣ್ಣೆಯಂಥ ಬಿಳಿ ಪಸೆ. ಒಂದು ವರ್ಕ್‌ಶಾಪಿನಲ್ಲಿ ಅಷ್ಟನ್ನೇ ನೋಡಿ, "ಹೆಡ್ ಗ್ಯಾಸ್ಕೆಟ್ ಹೋಗಿದೆ, ಹೆಡ್ ಇಳಿಸಬೇಕು" ಅಂದರು. ಹೆಡ್ ಅಂದರೆ ಇಂಜಿನ್ನಿನ ಮೇಲ್ಭಾಗ, ಗ್ಯಾಸ್ಕೆಟ್ ಅಂದರೆ ಎರಡು ಭಾಗಗಳ ನಡುವೆ ಸೋರದಂತೆ ಇಡುವ ಪದರ. ಇನ್ನೊಬ್ಬರಿಗೆ ತೋರಿಸಿದೆ. ಹೋಗಿದ್ದು ಹೆಡ್ಡಿನ ಮೇಲೆ ಮುಚ್ಚುವ ಟ್ಯಾಪೆಟ್ ಕವರಿನ ರಬ್ಬರ್ ಗ್ಯಾಸ್ಕೆಟ್ ಮಾತ್ರ. ಆವತ್ತೇ ಸರಿಯಾಯಿತು.

ಇವೆರಡರ ವ್ಯತ್ಯಾಸ ತಿಳಿದಿರಲೇಬೇಕು. ಟ್ಯಾಪೆಟ್ ಕವರ್ ಗ್ಯಾಸ್ಕೆಟ್ ಹೋದರೆ ಆಯಿಲ್ ಹೊರಗೆ ಇಳಿಯುತ್ತದೆ, ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಬಿದ್ದು ವಾಸನೆ ಬರುತ್ತದೆ. ಹೆಡ್ ಗ್ಯಾಸ್ಕೆಟ್ ಇರುವುದು ಇಂಜಿನ್ ಬ್ಲಾಕ್ ಮತ್ತು ಹೆಡ್ಡಿನ ನಡುವೆ. ಉರಿಯುವ ಗ್ಯಾಸ್, ಆಯಿಲ್, ನೀರು ಈ ಮೂರೂ ಒಂದಕ್ಕೊಂದು ಸೇರದಂತೆ ತಡೆಯುವುದು ಅದೇ. ಅದು ಹೋದರೆ ಖರ್ಚು ನಿಜಕ್ಕೂ ದೊಡ್ಡದು.

ಮನೆಯಲ್ಲೇ ಶುರು ಮಾಡಿ. ಬೆಳಿಗ್ಗೆ ಇಂಜಿನ್ ಪೂರ್ತಿ ತಣ್ಣಗಿರುವಾಗ ಕೂಲಂಟ್ (ಇಂಜಿನ್ ತಣಿಸುವ ದ್ರವ) ಡಬ್ಬದ ಹೊರಗೆ ಅದರ ಮಟ್ಟಕ್ಕೆ ಪೆನ್ನಿನಲ್ಲಿ ಗೆರೆ ಹಾಕಿ, ಒಂದು ವಾರ ನೋಡಿ. ನೆಲದಲ್ಲಿ ಒಂದು ಹನಿ ಇಲ್ಲ, ಆದರೂ ಮಟ್ಟ ಇಳಿಯುತ್ತಿದೆ ಅಂದರೆ ನೀರು ಇಂಜಿನ್ನಿನ ಒಳಗೆ ಹೋಗುತ್ತಿರಬಹುದು. ಬಿಸಿ ಇರುವಾಗ ಮಾತ್ರ ರೇಡಿಯೇಟರ್ ಮುಚ್ಚಳ ಮುಟ್ಟಲೇಬೇಡಿ. ಕುದಿಯುವ ನೀರು ಮುಖಕ್ಕೇ ಎಗರುತ್ತದೆ.

ಬಿಳಿ ಹೊಗೆ ನೋಡಿ ಹೆದರುವವರು ಜಾಸ್ತಿ. ನಮ್ಮ ಆಟಿ ಮಳೆಯಲ್ಲಿ ಬೆಳಿಗ್ಗೆ ಸ್ವಲ್ಪ ಹೊತ್ತು ಆವಿ ಬರುವುದು ಸಹಜ. ಇಂಜಿನ್ ಬಿಸಿಯಾದ ಮೇಲೂ ದಟ್ಟ ಹೊಗೆ ನಿಲ್ಲದಿದ್ದರೆ, ಸಿಹಿ ವಾಸನೆ ಬಂದರೆ ಸಂಶಯಪಡಿ. ಆ ಸಿಹಿ ವಾಸನೆ ಕೂಲಂಟಿನದು. ಬರೀ ಬಾವಿ ನೀರು ತುಂಬಿಸಿದವರಿಗೆ ಈ ಸುಳಿವೇ ಸಿಗುವುದಿಲ್ಲ, ಒಳಗೆ ತುಕ್ಕು ಬೇರೆ ಹಿಡಿಯುತ್ತದೆ. ಆಯಿಲ್ ಮುಚ್ಚಳದ ಬಿಳಿ ಪಸೆಯೂ ಹಾಗೆಯೇ. ಅಂಗಡಿ, ಶಾಲೆ ಅಂತ ಒಂದೆರಡು ಕಿಲೋಮೀಟರ್ ಮಾತ್ರ ಓಡುವ ಕಾರಿನಲ್ಲಿ ತೇವಾಂಶ ಆರದೆ ಅದು ಕಟ್ಟಿಕೊಳ್ಳುತ್ತದೆ. ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್ ಎಳೆದು ನೋಡಿ. ಅಲ್ಲಿಯೂ ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಗಾಡಿ ಸ್ಟಾರ್ಟ್ ಮಾಡಬೇಡಿ.

ಅಡಿಕೆ ಮೂಟೆ ಹೇರಿಕೊಂಡು ಚಡಾವು ಹತ್ತುವಾಗ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಯಿತೇ? ಅಲ್ಲೇ ನಿಲ್ಲಿಸಿ. "ಚೆರ್ಕಳದವರೆಗೆ ಹೇಗಾದರೂ ಮುಟ್ಟಿಸುವ" ಅನ್ನುವ ಆ ಕೊನೆಯ ನಾಲ್ಕು ಕಿಲೋಮೀಟರೇ ಅಲ್ಯೂಮಿನಿಯಂ ಹೆಡ್ಡನ್ನು ಬಗ್ಗಿಸಿಬಿಡುತ್ತದೆ. ತಣ್ಣೀರು ಸುರಿಯುವುದೂ ಬೇಡ, ಹೆಡ್ ಬಿರುಕು ಬಿಡಬಹುದು.

ಇನ್ನು ವರ್ಕ್‌ಶಾಪ್. ಹೆಡ್ ಇಳಿಸುವ ಮಾತು ಬಂದಾಗ ನಾನು ಈಗ ಕೇಳುವುದು ಒಂದೇ: "ಯಾವ ಟೆಸ್ಟ್ ಮಾಡಿ ನೋಡಿದಿರಿ?" ಕೂಲಿಂಗ್ ಪ್ರೆಶರ್ ಟೆಸ್ಟಿನಲ್ಲಿ ರೇಡಿಯೇಟರಿಗೆ ಪಂಪಿನಿಂದ ಒತ್ತಡ ಕೊಟ್ಟು ಪಂಪಿನ ಮೀಟರಿನ ಮುಳ್ಳು ಇಳಿಯುತ್ತದಾ ಎಂದು ನೋಡುತ್ತಾರೆ. ಕಂಪ್ರೆಷನ್ ಟೆಸ್ಟಿನಲ್ಲಿ ಅಕ್ಕಪಕ್ಕದ ಎರಡು ಸಿಲಿಂಡರುಗಳಲ್ಲಿ ಒಟ್ಟಿಗೇ ಒತ್ತಡ ಕಡಿಮೆ ಬಂದರೆ ನಡುವಿನ ಗ್ಯಾಸ್ಕೆಟ್ ಮೇಲೆ ಅನುಮಾನ ಗಟ್ಟಿಯಾಗುತ್ತದೆ. ಪೆಟ್ರೋಲ್ ಗಾಡಿಗಾದರೆ ನೀಲಿ ದ್ರವದ ಟೆಸ್ಟ್ ಇದೆ. ಉರಿದ ಗ್ಯಾಸ್ ಕೂಲಂಟಿಗೆ ಸೇರಿದ್ದರೆ ದ್ರವ ಹಳದಿಯಾಗುತ್ತದೆ. ಈ ಪ್ರಶ್ನೆಗೆ ಒಳ್ಳೆಯ ಮೆಕ್ಯಾನಿಕ್ ಬೇಸರ ಮಾಡುವುದಿಲ್ಲ. ಕರೆದು ತೋರಿಸುತ್ತಾರೆ.

ಹೆಡ್ ಇಳಿಸುವುದು ಖಚಿತವಾದರೆ ಎಸ್ಟಿಮೇಟ್ ಬರೆಸಿಕೊಳ್ಳಿ. ಸಾಮಾನಿನ ಬೆಲೆ ಬೇರೆ, ಕೂಲಿ ಬೇರೆ, ಲೇತಿನ ಖರ್ಚು ಬೇರೆ ಇರಲಿ. ಹೆಡ್ ನೇರ ಇದೆಯಾ ಎಂದು ಸ್ಕೇಲ್ ಮತ್ತು ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡುಗಳು) ಇಟ್ಟು ನೋಡಲು ಹೇಳಿ. ಬಗ್ಗಿದ್ದರೆ ಲೇತಿಗೆ ಕೊಟ್ಟು ಸಮ ಮಾಡಿಸದೆ ಹೊಸ ಗ್ಯಾಸ್ಕೆಟ್ ಹಾಕಿದರೂ ಸುಮ್ನೆ ದಂಡ. ಬೋಲ್ಟುಗಳನ್ನು ಕಂಪನಿ ಹೇಳಿದ ಕ್ರಮದಲ್ಲಿ, ಬಿಗಿ ಎಷ್ಟೆಂದು ಅಳೆಯುವ ಟಾರ್ಕ್ ರೆಂಚಿನಲ್ಲೇ ಬಿಗಿಯಬೇಕು. ಹಲವು ಇಂಜಿನ್ನುಗಳಲ್ಲಿ ಹಳೇ ಬೋಲ್ಟ್ ಮತ್ತೆ ಹಾಕುವಂತಿಲ್ಲ. ಗ್ಯಾಸ್ಕೆಟ್ ಯಾಕೆ ಹೋಯಿತು ಎಂದೂ ಕೇಳಿ. ಫ್ಯಾನ್, ಥರ್ಮೋಸ್ಟಾಟ್, ವಾಟರ್ ಪಂಪ್, ಕಟ್ಟಿಕೊಂಡ ರೇಡಿಯೇಟರ್, ಇವುಗಳಲ್ಲಿ ಯಾವುದು ಕಾರಣವೋ ಅದು ಸರಿಯಾಗದಿದ್ದರೆ ಮತ್ತೆ ಅದೇ ಕತೆ ಅಲ್ವಾ?

ಹಳೇ ಸಾಮಾನು ವಾಪಸ್ ಕೇಳಿ. ಮಲಯಾಳ ಬಾರದಿದ್ದರೂ "ಪಳಯ ಸಾಧನಂ ತರಣಂ" ಅಂದರೆ ಸಾಕು. ಬಿಲ್ ಇಟ್ಟುಕೊಳ್ಳಿ. ಮಾಡದ ಕೆಲಸಕ್ಕೆ ದುಡ್ಡು ತೆಗೆದುಕೊಂಡು ಮಾತಿಗೂ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಜಿಲ್ಲಾ ಗ್ರಾಹಕ ಆಯೋಗಕ್ಕೂ 2 ವರ್ಷದೊಳಗೆ ದೂರು ಕೊಡಬಹುದು.

ಗಾಡಿ ಮನೆಗೆ ಬಂದ ಮೇಲೆ ಮತ್ತೆ ಆ ಪೆನ್ನಿನ ಗೆರೆ. ದಿನಾ ಬೆಳಿಗ್ಗೆ, ಒಂದು ವಾರ.