ಅಂಟಿನ ಆಲ್ಬಂನಿಂದ ಹಳೆಯ ಫೋಟೊ ಬಿಡಿಸುವುದು ಹೇಗೆ?

ಕಳೆದ ದೀಪಾವಳಿಗೆ ಮನೆಯ ಧೂಳು ಹೊಡೆಯುವಾಗ ನಮ್ಮ ಅತ್ತಿಗೆ ಬೀರುವಿನ ಮೇಲಿದ್ದ ಆಲ್ಬಂ ಕೆಳಗಿಳಿಸಿದರು. ಪ್ಲಾಸ್ಟಿಕ್ ಹಾಳೆ ಹಳದಿಗಟ್ಟಿ, ಅಂಚಿನಲ್ಲಿ ಮುಟ್ಟಿದರೆ ಮುರಿಯುವಂತಿತ್ತು. ‘ಎಲ್ಲ ಬಿಡಿಸಿ ಹೊಸ ಆಲ್ಬಂಗೆ ಹಾಕಿಬಿಡೋಣ’ ಎಂದವರೇ ಉಗುರಿನಿಂದ ಮೂಲೆ ಎಬ್ಬಿಸಿ ಎಳೆದರು. ಅದು ನಮ್ಮ ಅಪ್ಪ ಅಮ್ಮನ ಧಾರೆಯ ಫೋಟೊ. ಕೈಗೆ ಬಂದ ಭಾಗದಲ್ಲಿ ಅಮ್ಮನ ಬೊಗಸೆ, ತೆಂಗಿನಕಾಯಿ, ಪುರೋಹಿತರ ಮೊಣಕೈ ಇದ್ದವು. ಧಾರೆ ಎರೆಯುತ್ತಿದ್ದ ತಾತನ ಮುಖ ಮೂಗಿನಿಂದ ಮೇಲಕ್ಕೆ ರಟ್ಟಿನ ಮೇಲೆಯೇ ಉಳಿಯಿತು. ತಾತನದು ಮನೆಯಲ್ಲಿ ಬೇರೆ ಫೋಟೊ ಇಲ್ಲ.

ಅತ್ತಿಗೆಯನ್ನು ದೂರಿ ಫಲವಿಲ್ಲ. ಇದೇ ಕೆಲಸ ಇದೇ ರೀತಿ ಕೆಟ್ಟದ್ದನ್ನು ಇನ್ನೂ ಎರಡು ಮನೆಗಳಲ್ಲಿ ನೋಡಿದ್ದೇನೆ. ಸ್ಕ್ಯಾನ್ ಮಾಡುವುದು, ಪೆಟ್ಟಿಗೆಯಲ್ಲಿಡುವುದು ಯಾರಿಗಾದರೂ ಬರುತ್ತದೆ. ಕೆಡುವುದು ಬಿಡಿಸುವಾಗ.

ನಾನು ಹೇಳುತ್ತಿರುವುದು ಎಪ್ಪತ್ತರ ದಶಕದಿಂದ ತೊಂಬತ್ತರ ದಶಕದವರೆಗೆ ಮದುವೆ ಮನೆಗಳಿಗೆಲ್ಲ ಉಡುಗೊರೆಯಾಗಿ ಬರುತ್ತಿದ್ದ ದಪ್ಪ ಆಲ್ಬಂಗಳ ವಿಷಯ. ರಟ್ಟಿನ ಪುಟದ ಮೇಲೆ ಅಂಟಿನ ಗೆರೆಗಳು, ಅದರ ಮೇಲೊಂದು ಪಾರದರ್ಶಕ ಹಾಳೆ. ಹಾಳೆ ಎತ್ತಿ, ಫೋಟೊ ಇಟ್ಟು, ಮತ್ತೆ ಒತ್ತಿದರೆ ಮುಗಿಯಿತು. ‘ಮ್ಯಾಗ್ನೆಟಿಕ್ ಆಲ್ಬಂ’ ಎಂದು ಮಾರುತ್ತಿದ್ದರು, ಅದರಲ್ಲಿ ಅಯಸ್ಕಾಂತ ಹುಡುಕಿದರೂ ಇಲ್ಲ. ಇಪ್ಪತ್ತು ಮೂವತ್ತು ವರ್ಷಗಳಲ್ಲಿ ಆ ಅಂಟು ಒಂದೋ ಒಣಗಿ ಪುಡಿಯಾಗುತ್ತದೆ, ಇಲ್ಲವೇ ಕಲ್ಲಿನಂತೆ ಕಚ್ಚಿಕೊಳ್ಳುತ್ತದೆ. ಒಣಗಿದ್ದರೆ ನಿಮ್ಮ ಪುಣ್ಯ. ಫೋಟೊಗಳು ತಾವಾಗಿಯೇ ಮಡಿಲಿಗೆ ಉದುರುತ್ತವೆ. ಮುಂದಿನದು ಕಚ್ಚಿಕೊಂಡವರಿಗೆ.

ಯಾವ ಕಾಲ, ಯಾವುದು ಮೊದಲು

ಮಳೆಗಾಲದಲ್ಲಿ ಕೈ ಹಾಕಬೇಡಿ. ಫೋಟೊದ ಮೇಲ್ಪದರ ಜೆಲಟಿನ್. ತೇವ ಹೀರಿದರೆ ಮೆತ್ತಗಾಗಿ ಬೆರಳಿಗೆ, ಪ್ಲಾಸ್ಟಿಕ್ಕಿಗೆ, ಪಕ್ಕದ ಫೋಟೊಗೆ ಅಂಟುತ್ತದೆ. ಮಲೆನಾಡು, ಕರಾವಳಿಯವರು ಫೆಬ್ರುವರಿ ಮಾರ್ಚ್‌ವರೆಗೆ ಕಾಯುವುದೇ ಸರಿ.

ಎಲ್ಲರೂ ಅಜ್ಜ ಅಜ್ಜಿಯ ಕಪ್ಪು ಬಿಳುಪು ಫೋಟೊದಿಂದ ಶುರು ಮಾಡುತ್ತಾರೆ. ಹಳೆಯದಕ್ಕೆ ಆತುರ ಎಂಬ ಲೆಕ್ಕ. ಲೆಕ್ಕ ತಲೆಕೆಳಗು. ಕಪ್ಪು ಬಿಳುಪಿನಲ್ಲಿ ಚಿತ್ರ ಮೂಡಿರುವುದು ಬೆಳ್ಳಿಯ ಕಣಗಳಿಂದ. ಸರಿಯಾಗಿ ತೊಳೆದು ಒಣಗಿಸಿದ್ದರೆ ಅದು ನೂರು ವರ್ಷವಾದರೂ ನಿಲ್ಲುತ್ತದೆ. ಬಣ್ಣದ ಫೋಟೊದಲ್ಲಿರುವುದು ರಾಸಾಯನಿಕ ವರ್ಣಗಳು. ಎಪ್ಪತ್ತು, ಎಂಬತ್ತರ ದಶಕದ ಕಾಗದದಲ್ಲಿ ನೀಲಿ ಹಸಿರು ವರ್ಣ ಕತ್ತಲಲ್ಲಿಟ್ಟರೂ ಮಾಸುತ್ತದೆ. ಅದಕ್ಕೇ ಆ ಕಾಲದ ನಾಮಕರಣ, ಗೃಹಪ್ರವೇಶಗಳಲ್ಲಿ ಎಲ್ಲರ ಮುಖವೂ ಕುಂಕುಮ ಬಳಿದಂತೆ ಕಾಣುವುದು. ಮೊದಲ ಸರದಿ ಇವುಗಳದು. 1955ರ ಅಜ್ಜಿ ಇನ್ನೊಂದು ವರ್ಷ ಕಾಯಬಲ್ಲರು, 1982ರ ಚಿಕ್ಕಮ್ಮ ಕಾಯಲಾರರು.

ಜೊತೆಗೆ ನೆಗೆಟಿವ್ ಹುಡುಕಿ. ಆಲ್ಬಂನ ಹಿಂದಿನ ಜೇಬಿನಲ್ಲಿ, ಸ್ಟುಡಿಯೊ ಲಕೋಟೆಯಲ್ಲಿ ಇದ್ದರೂ ಇರಬಹುದು. ನೆಗೆಟಿವ್ ಸಿಕ್ಕರೆ ಫೋಟೊ ಹರಿದರೂ ಎದೆ ಒಡೆದುಕೊಳ್ಳಬೇಕಿಲ್ಲ. ನಮ್ಮ ಮನೆಯವು 1980ರ ಫೆಬ್ರುವರಿ 16ರ ಸೂರ್ಯಗ್ರಹಣದ ದಿನ ಮಕ್ಕಳ ಕೈ ಸೇರಿದವು. ಅವನ್ನು ಕಣ್ಣಿಗೆ ಹಿಡಿದು ಸೂರ್ಯನನ್ನು ನೋಡುವುದು ಅಪಾಯವೆಂದು ಆಗ ಯಾರೂ ಹೇಳಲಿಲ್ಲ. ಗ್ರಹಣ ಬಿಟ್ಟಿತು, ನೆಗೆಟಿವ್ ಮರಳಲಿಲ್ಲ.

1. ಬಿಡಿಸುವ ಮೊದಲೇ ಫೋಟೊ ತೆಗೆಯಿರಿ

ಪ್ರತಿ ಪುಟವನ್ನೂ ಇದ್ದಂತೆಯೇ ಮೊಬೈಲಿನಲ್ಲಿ ಸೆರೆಹಿಡಿಯಿರಿ. ಯಾವ ಫೋಟೊ ಯಾವುದರ ಪಕ್ಕದಲ್ಲಿತ್ತು ಎಂಬುದೇ ಎಷ್ಟೋ ಸಲ ಊರು, ವರ್ಷ ಹೇಳುತ್ತದೆ. ಎರಡು ನಿಮಿಷದ ಈ ಕೆಲಸವನ್ನು ಅತ್ತಿಗೆ ಮಾಡಿದ್ದರೆ ತಾತನ ಮೂಗು ಇಂದು ನಮ್ಮ ಬಳಿ ಇರುತ್ತಿತ್ತು.

2. ಪ್ಲಾಸ್ಟಿಕ್ ಹಾಳೆ ತೆಗೆಯಿರಿ

ಮೇಲಕ್ಕೆ ಎತ್ತಬೇಡಿ. ಪುಟಕ್ಕೆ ಸಮನಾಗಿ, ಹಿಂದಕ್ಕೆ ಮಡಚಿದಂತೆ ನಿಧಾನವಾಗಿ ಎಳೆಯಿರಿ. ಫೋಟೊದ ಹೊಳಪಿನ ಮೇಲೆ ಹಾಳೆ ಕಚ್ಚಿದ್ದರೆ ಅಲ್ಲಿಗೇ ನಿಲ್ಲಿಸಿ, ಆ ಫೋಟೊವನ್ನು ಹಾಳೆಯ ಸಮೇತ ಬಿಡಿ.

3. ದಾರದಿಂದ ಬಿಡಿಸಿ

ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ತಲೆಗೆ ಎಣ್ಣೆ ಹಚ್ಚಿಕೊಂಡ ದಿನ, ಚಕ್ಕುಲಿಯ ತಟ್ಟೆ ಪಕ್ಕದಲ್ಲಿಟ್ಟುಕೊಂಡ ದಿನ ಈ ಕೆಲಸ ಬೇಡ. ಮೇಜಿನ ಮೇಲೆ ಹಳೆಯ ಹತ್ತಿ ಪಂಚೆಯೊಂದನ್ನು ಹಾಸಿ. ಫ್ಯಾನ್ ಆರಿಸಿ.

ಔಷಧಿ ಅಂಗಡಿಯಲ್ಲಿ ಹಲ್ಲಿನ ಸಂದಿ ಶುಚಿ ಮಾಡುವ ಫ್ಲಾಸ್ ಸಿಗುತ್ತದೆ. ಮೇಣ ಸವರದ, ಪುದೀನ ಪರಿಮಳವಿಲ್ಲದ್ದನ್ನೇ ಕೇಳಿ. ಹೊಲಿಗೆ ದಾರ ನಡುವೆ ತುಂಡಾಗುತ್ತದೆ, ಹೂ ಕಟ್ಟುವ ದಾರ ಎಳೆ ಬಿಡುತ್ತದೆ. ದೋಸೆ ಮಗುಚುವ ಸಟ್ಟುಗ, ಬೆಣ್ಣೆ ಚಾಕು, ಬ್ಲೇಡ್, ಉಕ್ಕಿನ ಅಳತೆಪಟ್ಟಿ ಯಾವುದೂ ಬೇಡ. ಇವೆಲ್ಲವನ್ನೂ ಬಳಸಿದವರನ್ನು ಕಂಡಿದ್ದೇನೆ, ಅವರ ಫೋಟೊಗಳನ್ನೂ ಕಂಡಿದ್ದೇನೆ.

ಮೊದಲು ಬೇಡದ ಫೋಟೊ ಒಂದರ ಮೇಲೆ ಕೈ ಪಳಗಿಸಿ. ಪ್ರತಿ ಆಲ್ಬಂನಲ್ಲೂ ಯಾರದೋ ಬೆರಳು ಲೆನ್ಸಿಗೆ ಅಡ್ಡ ಬಂದದ್ದು ಒಂದಾದರೂ ಇರುತ್ತದೆ.

ಒಂದೂವರೆ ಅಡಿ ಫ್ಲಾಸ್ ಕತ್ತರಿಸಿ, ಎರಡೂ ತೋರುಬೆರಳುಗಳಿಗೆ ಸುತ್ತಿಕೊಳ್ಳಿ. ನಡುವೆ ಫೋಟೊದ ಅಗಲಕ್ಕಿಂತ ನಾಲ್ಕು ಬೆರಳು ಹೆಚ್ಚಿಗೆ ಉಳಿಯಲಿ. ಸಡಿಲವಾಗಿರುವ ಮೂಲೆ ಹುಡುಕಿ, ಅದರಡಿ ದಾರ ತೂರಿಸಿ. ಇನ್ನು ಗರಗಸದಂತೆ ಎಡಕ್ಕೆ ಬಲಕ್ಕೆ ಸಣ್ಣಗೆ ಆಡಿಸುತ್ತಾ ಮುಂದೆ ಸರಿಯಿರಿ. ಇಲ್ಲಿ ಗಮನ ಒಂದೇ ಕಡೆ ಇರಬೇಕು: ದಾರ ಕೆಳಗಿನ ರಟ್ಟನ್ನು ಒತ್ತಿಕೊಂಡೇ ಸಾಗಬೇಕು. ರಟ್ಟಿನ ಸಿಪ್ಪೆ ಕಿತ್ತು ಫೋಟೊದ ಬೆನ್ನಿಗೆ ಅಂಟಿಕೊಂಡರೆ ಅಂಟಿಕೊಳ್ಳಲಿ. ಅದರಿಂದ ಏನೂ ಕೆಡುವುದಿಲ್ಲ. ದಾರ ಮೇಲಕ್ಕೆ ಬಂದರೆ ಮಾತ್ರ ಫೋಟೊ ಸೀಳುತ್ತದೆ.

ಅಂಟಿನ ಗೆರೆ ಎದುರಾದಾಗ ಬೆರಳಿಗೆ ತಿಳಿಯುತ್ತದೆ. ದಾರ ಒಂದು ಕ್ಷಣ ತಡೆದು, ಆಮೇಲೆ ‘ಟಪ್’ ಎಂದು ಮುಂದಕ್ಕೆ ಹಾರುತ್ತದೆ. ಆ ಹಾರುವಿಕೆಯಲ್ಲೇ ಮೂಲೆ ಮಡಚುವುದು, ಬಿರುಕು ಬೀಳುವುದು. ಆದ್ದರಿಂದ ತಡೆ ಸಿಕ್ಕ ಕೂಡಲೇ ಎಳೆತ ಸಡಿಲಿಸಿ, ಗರಗಸದಾಟ ಮಾತ್ರ ಮುಂದುವರಿಸಿ. ಬಿಟ್ಟುಕೊಂಡ ಭಾಗವನ್ನು ಎತ್ತಿ ಇಣುಕುವ ಚಪಲ ಎಲ್ಲರಿಗೂ ಇರುತ್ತದೆ. ಎತ್ತಬೇಡಿ. ಫೋಟೊ ಚಪ್ಪಟೆಯಾಗಿಯೇ ಇರಲಿ. ಬಗ್ಗಿಸಲೇಬೇಕಾದರೆ ಪುಟವನ್ನು ಕೆಳಕ್ಕೆ ಬಗ್ಗಿಸಿ. ಇಷ್ಟು ತಿಳಿದರೆ ಅರ್ಧ ಕೆಲಸ ಆದಂತೆ.

ಒಂದು ಫೋಟೊಗೆ ಐದು ನಿಮಿಷ ಹಿಡಿಯಬಹುದು. ಒಂದು ಸಂಜೆಗೆ ನಾಲ್ಕು ಪುಟ ಸಾಕು. ಐದನೆಯದರಲ್ಲಿ ಕೈ ಅವಸರ ಮಾಡುತ್ತದೆ.

ದಾರ ಕದಲದಿದ್ದರೆ ಹೇರ್ ಡ್ರೈಯರ್ ತನ್ನಿ. ಅತಿ ಕಡಿಮೆ ಬಿಸಿಗೆ ಇಟ್ಟು, ಪುಟದ ಹಿಂಬದಿಯಿಂದ, ಒಂದು ಗೇಣು ದೂರದಲ್ಲಿ ಇಪ್ಪತ್ತು ಸೆಕೆಂಡು ಆಡಿಸಿ. ಹಿಂಬದಿಯಲ್ಲೂ ಫೋಟೊ ಇದ್ದರೆ ಬಿಸಿ ನೇರವಾಗಿ ಅದಕ್ಕೇ ತಗಲುತ್ತದೆ, ಅಂಥ ಕಡೆ ಡ್ರೈಯರ್ ಬೇಡವೇ ಬೇಡ. ಒಂದೇ ಜಾಗದಲ್ಲಿ ನಿಲ್ಲಿಸಿದರೂ ಫೋಟೊ ಹಪ್ಪಳದಂತೆ ಸುರುಳುತ್ತದೆ. ಪೋಲರಾಯ್ಡ್ ತರಹದ ದಪ್ಪನೆಯ ತತ್‌ಕ್ಷಣದ ಫೋಟೊಗಳಿಗೆ ಬಿಸಿ ತೋರಿಸಲೇಬೇಡಿ. ಇಸ್ತ್ರಿಪೆಟ್ಟಿಗೆ ಇಟ್ಟ ಮಹನೀಯರೊಬ್ಬರು ನನಗೆ ಗೊತ್ತು.

ಫ್ರೀಜರಿನಲ್ಲಿಟ್ಟರೆ ಅಂಟು ಪೆಡಸಾಗಿ ಬಿಡುತ್ತದೆ ಎಂದು ಹೇಳುವವರಿದ್ದಾರೆ. ಬಿಡುವುದು ನಿಜ. ಆದರೆ ನಮ್ಮ ಹವೆಯಲ್ಲಿ ಹೊರತೆಗೆದ ಮರುಕ್ಷಣವೇ ಹನಿಗಟ್ಟುತ್ತದೆ, ಜೆಲಟಿನ್‌ಗೆ ಅದೇ ಶತ್ರು. ನಾನು ಒಪ್ಪುವುದಿಲ್ಲ. ನೀರಿನಲ್ಲಿ ನೆನೆಸುವುದು, ಸೀಮೆಎಣ್ಣೆ, ಉಗುರುಬಣ್ಣ ತೆಗೆಯುವ ದ್ರವ ಇವುಗಳ ಬಗ್ಗೆ ಮಾತೇ ಬೇಡ.

ಇಷ್ಟಾದರೂ ಬಿಡದಿದ್ದರೆ ಸೋಲೊಪ್ಪಿಕೊಳ್ಳಿ. ಹಿಂಬದಿಯಲ್ಲಿ ಫೋಟೊ ಇಲ್ಲವೆಂದು ಖಚಿತಪಡಿಸಿಕೊಂಡು ಸುತ್ತಲಿನ ರಟ್ಟನ್ನು ಕತ್ತರಿಸಿ, ಫೋಟೊವನ್ನು ರಟ್ಟಿನ ಸಮೇತ ಇಟ್ಟುಕೊಳ್ಳಿ. ರಟ್ಟಿಗೆ ಅಂಟಿದ ತಾತ ಹರಿದ ತಾತನಿಗಿಂತ ಮೇಲು. ಕಟ್ಟಿನ ಗಾಜಿಗೆ ಅಂಟಿಕೊಂಡ ಫೋಟೊಗೂ ಇದೇ ಮಾತು. ಗಾಜಿನ ಮೂಲಕವೇ ನಕಲು ತೆಗೆಯಿರಿ.

ಬಿಡಿಸಿದವುಗಳ ಬೆನ್ನಲ್ಲಿ ಜಿಗುಟು ಉಳಿದಿರುತ್ತದೆ. ಒಂದರ ಮೇಲೊಂದು ಇಟ್ಟರೆ ಮತ್ತೆ ಅದೇ ಕಥೆ. ಕೇಕ್ ತಟ್ಟೆಯಲ್ಲಿ ಹಿಟ್ಟು ಹಿಡಿಯದಂತೆ ಹಾಸುವ ಕಾಗದವನ್ನು ನಡುನಡುವೆ ಇಡಿ.

4. ನಕಲು ತೆಗೆಯಿರಿ

ಸ್ಕ್ಯಾನರ್ ಇದ್ದರೆ 600 ಡಿಪಿಐ, ಅಂದರೆ ಇಂಚಿಗೆ 600 ಚುಕ್ಕಿ. ನಾಲ್ಕು ಇಂಚಿಗೆ ಆರು ಇಂಚಿನ ಫೋಟೊ ಇದರಲ್ಲಿ 2400×3600 ಪಿಕ್ಸೆಲ್ ಆಗುತ್ತದೆ. ಎರಡು ಪಟ್ಟು ದೊಡ್ಡದಾಗಿ ಅಚ್ಚು ಹಾಕಿಸಿದರೂ ಮುಖ ಒಡೆಯುವುದಿಲ್ಲ. ಆಗ್ಫಾ ಕ್ಲಿಕ್ ಕ್ಯಾಮೆರಾದ ಪುಟ್ಟ ಚೌಕದ ಫೋಟೊಗಳಿಗೆ 1200 ಇಡಿ. ಮೊಬೈಲೇ ಗತಿಯಾದರೆ ಬಿಸಿಲು ನೇರ ಬೀಳದ ಕಿಟಕಿಯ ಪಕ್ಕ ಕುಳಿತು, ಫ್ಲ್ಯಾಶ್ ಆರಿಸಿ, ಫೋನನ್ನು ಫೋಟೊಗೆ ಸಮನಾಗಿ ಹಿಡಿಯಿರಿ. ಹೊಳಪು ಕಾಗದದಲ್ಲಿ ನಿಮ್ಮ ನೆರಳೇ ಮೂಡುತ್ತಿದ್ದರೆ ಕಪ್ಪು ಬಟ್ಟೆ ತೊಟ್ಟುಕೊಳ್ಳಿ.

ಮುಖ ಸ್ಪಷ್ಟಗೊಳಿಸುವ ಆ್ಯಪ್‌ಗಳ ಸಹವಾಸ ಬೇಡ. ಮಸುಕಾದ ಕಡೆ ಅವು ತಮಗೆ ತೋಚಿದ ಮುಖ ಕೂರಿಸುತ್ತವೆ. ನಮ್ಮ ಸೋದರತ್ತೆಯ ಸೀಮಂತದ ಫೋಟೊವನ್ನು ಹಾಗೆ ‘ಸರಿ’ ಮಾಡಿ ಯಾರೋ ಕುಟುಂಬದ ಗುಂಪಿಗೆ ಹಾಕಿದರು. ಹಸಿರು ಬಳೆ ತೊಟ್ಟು ಕುಳಿತಿದ್ದವಳು ಧಾರಾವಾಹಿಯ ನಟಿ, ಅತ್ತೆಯಲ್ಲ. ಅಂದ ಹಾಗೆ, ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೊ ಎಂದು ಕಳಿಸಿದರೆ ಅದು ಕುಗ್ಗಿಸಿಬಿಡುತ್ತದೆ.

5. ಹೆಸರು, ವರ್ಷ ಹಾಕಿ

ಮನೆಯ ಹಿರಿಯರನ್ನು ಕೂರಿಸಿಕೊಂಡು ಒಂದೊಂದೇ ತೋರಿಸಿ, ಮೊಬೈಲಿನಲ್ಲಿ ಧ್ವನಿ ಮುದ್ರಿಸಿ. ‘ಯಾರಿದು?’ ಎಂದು ಕೇಳಿದರೆ ಒಂದು ಹೆಸರು ಬರುತ್ತದೆ. ‘ಅಂದು ಅಡುಗೆ ಯಾರದು?’ ಎಂದು ಕೇಳಿ, ಒಂದು ಗಂಟೆ ಬರುತ್ತದೆ.

ವರ್ಷ ನೆನಪಾಗದಿದ್ದರೆ ಹಿನ್ನೆಲೆ ನೋಡಿ. ವಾಹನದ ಫಲಕದಲ್ಲಿ ‘ಕೆಎ’ ಇದ್ದರೆ ಅದು 1989ಕ್ಕಿಂತ ಹಿಂದಿನದಲ್ಲ. ಶ್ರವಣಬೆಳಗೊಳದ ಪ್ರವಾಸದ ಫೋಟೊದಲ್ಲಿ ಗೊಮ್ಮಟನ ಬೆನ್ನಿಗೆ ಅಟ್ಟಣಿಗೆ ಕಟ್ಟಿದ್ದರೆ ಅದು ಮಹಾಮಸ್ತಕಾಭಿಷೇಕದ ಆಸುಪಾಸು: 1967, 1981, 1993, 2006 ಅಥವಾ 2018. ಇವುಗಳಲ್ಲಿ ಯಾವುದೆಂದು ಪಕ್ಕದಲ್ಲಿ ನಿಂತ ಚಿಕ್ಕಪ್ಪನ ಬೆಲ್‌ಬಾಟಮ್ ಹೇಳುತ್ತದೆ.

ಬೆನ್ನಿಗೆ ಬರೆಯುವುದಾದರೆ ಮೆತ್ತನೆಯ 6ಬಿ ಪೆನ್ಸಿಲ್, ಅದೂ ಅಂಚಿನಲ್ಲಿ. ಬಾಲ್‌ಪೆನ್ ಒತ್ತಿದರೆ ಅಕ್ಷರ ಮುಂದಕ್ಕೆ ಉಬ್ಬುತ್ತದೆ, ಸ್ಕೆಚ್ ಪೆನ್ ಸೋರುತ್ತದೆ. ಪ್ಲಾಸ್ಟಿಕ್ ಲೇಪದ ಬೆನ್ನಿನ ಮೇಲೆ ಪೆನ್ಸಿಲ್ ಹಿಡಿಯದಿದ್ದರೆ ಲಕೋಟೆಯ ಮೇಲೆ ಬರೆಯಿರಿ.

6. ಎಸೆಯುವುದು, ಇಡುವುದು

ಜಾಗ ಸಾಲದೆಂದು ಎಸೆಯಲು ಕುಳಿತವರು ಮೊದಲು ಎಸೆಯುವುದು ಮಸುಕಾದವನ್ನು. ನಿಲ್ಲಿ. 36 ಫೋಟೊಗಳ ಒಂದು ರೀಲಿನಲ್ಲಿ ಧಾರೆ, ಆರತಕ್ಷತೆ, ಗುಂಪು ಫೋಟೊಗಳೆಲ್ಲ ಮುಗಿದ ಮೇಲೆ ಉಳಿದ ಒಂದೋ ಎರಡೋ ಅಡುಗೆಮನೆಗೆ ಹೋಗುತ್ತಿದ್ದವು. ಅಲ್ಲಿ ಬೆಳಕಿಲ್ಲ, ಹೊಗೆ ಬೇರೆ. ನಮ್ಮಲ್ಲಿ ಅಂಥದ್ದೊಂದಿದೆ: ಒಲೆಯ ಮುಂದೆ ಅಜ್ಜಿ, ಮೊಣಕಾಲಿನ ಮೇಲೆ ಬಾಳೆ ಎಲೆ, ಅದರ ಮೇಲೆ ಅರ್ಧ ತಟ್ಟಿದ ಹೋಳಿಗೆ. ಮುಖ ಕದಲಿದೆ, ಕೈ ಮಾತ್ರ ಸ್ಪಷ್ಟ. ಅಜ್ಜಿ ಕೆಲಸ ಮಾಡುತ್ತಿರುವ ಏಕೈಕ ಫೋಟೊ ಅದು. ಎಸೆಯಲೇಬೇಕೆಂದರೆ ಜನರೇ ಇಲ್ಲದ ಜೋಗ ಜಲಪಾತದ ಏಳು ಫೋಟೊಗಳಲ್ಲಿ ಆರನ್ನು ಎಸೆಯಿರಿ. ಜೋಗ ಇನ್ನೂ ಅಲ್ಲೇ ಇದೆ.

ಉಳಿದವನ್ನು ಕಾಗದದ ಲಕೋಟೆಗಳಲ್ಲಿ ಹಾಕಿ, ಗಟ್ಟಿ ಪೆಟ್ಟಿಗೆಯಲ್ಲಿಟ್ಟು ಮಲಗುವ ಕೋಣೆಯ ಕಪಾಟಿನಲ್ಲಿಡಿ. ಅಟ್ಟದಲ್ಲಿ ಕಾವು, ಹೊರಗೋಡೆಯ ಪಕ್ಕ ತೇವ, ಅಡುಗೆಮನೆಯಲ್ಲಿ ಜಿಡ್ಡು. ಹೊಸ ಮಳೆಕೋಟಿನ ವಾಸನೆ ಬರುವ ಪ್ಲಾಸ್ಟಿಕ್ ಜೇಬಿನ ಆಲ್ಬಂ ಎಷ್ಟೇ ಅಗ್ಗವಾಗಿರಲಿ, ಕೊಳ್ಳಬೇಡಿ. ಆ ವಾಸನೆ ಪಿವಿಸಿಯದು, ಅದು ಫೋಟೊ ತಿನ್ನುತ್ತದೆ. ಕಪ್ಪು ಹಾಳೆಗೆ ಮೂಲೆಕಾಗದ ಸಿಕ್ಕಿಸುವ ಅಜ್ಜನ ಕಾಲದ ಆಲ್ಬಮ್ಮೇ ನನ್ನ ಆಯ್ಕೆ. ಲ್ಯಾಮಿನೇಶನ್ ಮಾಡಿಸಿದರೆ ಮುಗಿಯಿತು, ಮತ್ತೆಂದೂ ಬಿಡಿಸಲಾಗದು. ಸ್ಕ್ಯಾನ್‌ಗಳ ಒಂದು ಪ್ರತಿ ನಿಮ್ಮಲ್ಲಿರಲಿ, ಇನ್ನೊಂದು ಬೇರೆ ಊರಿನ ತಂಗಿಯ ಮನೆಯಲ್ಲಿರಲಿ.

ಬರಿದಾದ ಹಳೆಯ ಆಲ್ಬಮನ್ನು ರದ್ದಿಯವನಿಗೆ ಕೊಡುವ ಮೊದಲು ಪುಟಗಳನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ನಮ್ಮದರಲ್ಲಿ, ಫೋಟೊ ಇದ್ದ ಜಾಗದ ಅಡಿಯಲ್ಲಿ, ಅಪ್ಪ ಪೆನ್ಸಿಲಿನಲ್ಲಿ ದಿನಾಂಕ ಬರೆದಿಟ್ಟಿದ್ದರು. ಆ ರಟ್ಟನ್ನು ಕತ್ತರಿಸಿ, ತಾತನ ಅರ್ಧ ಮುಖದ ಜೊತೆ ಅದೇ ಲಕೋಟೆಯಲ್ಲಿ ಹಾಕಿದ್ದೇನೆ.